‘ನೀವು’ ಎಂಬಲ್ಲಿಂದ ‘ನಾವು’ ಎಂಬಲ್ಲಿಗೆ: ಎರಡು ಪ್ಲೇಗು ಕಾದಂಬರಿಗಳ ಪಾಲನಾತ್ಮಕ ಓದು

1. ಪೀಠಿಕೆ

ಕೋವಿಡ್ ಮಹಾಮಾರಿ ಹಿಂಜರಿದ ಮೇಲೆ ನಮ್ಮ ಧರ್ಮಕೇಂದ್ರಗಳ ಸ್ಮರಣ ಸಂಚಿಕೆಗಳಲ್ಲೂ ಗುರುಗಳ ವಾರ್ಷಿಕ ಧ್ಯಾನಕೂಟಗಳಲ್ಲೂ ಗುರು ಅಭ್ಯರ್ಥಿಗಳ ಪ್ರಬಂಧಗಳಲ್ಲೂ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಸಂಕಟದ ಆ ದಿನಗಳು ನಮಗೆ ವಿಶ್ವಾಸವನ್ನು ಮರಳಿ ಕೊಟ್ಟವು, ಕರುಣೆಯನ್ನು ಕಲಿಸಿದವು ಎಂಬುದೇ ಆ ಮಾತು. ಅದು ಸುಳ್ಳೆಂದು ಹೇಳುವ ಅಧಿಕಾರ ನಮಗಿಲ್ಲ. ಅನೇಕರ ಬಾಳಿನಲ್ಲಿ ಅದು ನಿಜವಾಗಿದೆ. ಆದರೆ ಆ ವಾಕ್ಯದಲ್ಲಿರುವ ‘ನಮಗೆ’ ಎಂಬ ಪದದೊಳಗೆ ಯಾರು ಯಾರು ಸೇರಿದ್ದಾರೆ ಎಂದು ವಿಚಾರಿಸುವ ಹೊಣೆ ದೈವಶಾಸ್ತ್ರದ್ದು. ಹಾಗೆ ಹೇಳುವವರು ಬದುಕಿ ಉಳಿದವರು. ಆ ಕಲಿಕೆಗೆ ಬೆಲೆ ತೆತ್ತವರು ಉಸಿರು ನಿಂತು ಮಣ್ಣಾದವರು. ಇನ್ನೊಬ್ಬರ ಸಾವು ನಮ್ಮ ಆಧ್ಯಾತ್ಮಿಕ ಬೆಳವಣಿಗೆಗೆ ಪಾಠವಾಗಿ ಒದಗಿತು ಎನ್ನುವಾಗ ನಾವು ಸತ್ತವರನ್ನು ಏನೆಂದು ಕಾಣುತ್ತಿದ್ದೇವೆ?

ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಎರಡು ಕಾದಂಬರಿಗಳನ್ನು ಓದುವುದು ಈ ಲೇಖನದ ಉದ್ದೇಶ. ಒಂದು, ಆಲ್ಬೆರ್ ಕಮೂ ಅವರು 1947ರಲ್ಲಿ ಪ್ರಕಟಿಸಿದ ‘ಪ್ಲೇಗ್’. ಇನ್ನೊಂದು, ಯು. ಆರ್. ಅನಂತಮೂರ್ತಿಯವರ 1965ರ ‘ಸಂಸ್ಕಾರ’. ಮೊದಲನೆಯದು ಅಲ್ಜೀರಿಯದ ಒರಾನ್ ನಗರದ ಕಥೆ, ಎರಡನೆಯದು ಮಲೆನಾಡಿನ ದುರ್ವಾಸಪುರವೆಂಬ ಅಗ್ರಹಾರದ ಕಥೆ. ಇಬ್ಬರು ಲೇಖಕರೂ ಕ್ರೈಸ್ತ ವಿಶ್ವಾಸದ ಪರವಾಗಿ ಬರೆದವರಲ್ಲ. ಆದರೂ ಎರಡೂ ಕೃತಿಗಳ ನಡುವೆ ಧರ್ಮದ ಅಧಿಕಾರಿಯೊಬ್ಬ ನಿಂತಿದ್ದಾನೆ: ಅಲ್ಲಿ ಯೇಸು ಸಭೆಯ ಗುರು ಪ್ಯಾನಲೂ, ಇಲ್ಲಿ ವೇದಾಂತ ಪಂಡಿತ ಪ್ರಾಣೇಶಾಚಾರ್ಯ. ಒಂದು ಕೃತಿ ಅವನ ಮಾತನ್ನು ಪರೀಕ್ಷಿಸುತ್ತದೆ, ಇನ್ನೊಂದು ಅವನ ಮೌನವನ್ನು. ಆದ್ದರಿಂದ ಇವು ಗುರುಮಠದಲ್ಲಿ ಓದಬೇಕಾದ ಪುಸ್ತಕಗಳು.

ಈ ಓದಿಗೆ ನಮಗೊಂದು ವೈಯಕ್ತಿಕ ಕಾರಣವೂ ಉಂಟು. ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ಮೊದಲ ಭಾನುವಾರ, ಅಂದರೆ 2020ರ ಮಾರ್ಚ್ 29ರಂದು, ಖಾಲಿ ದೇವಾಲಯದಲ್ಲಿ ಮೊಬೈಲ್ ಫೋನಿನ ಮುಂದೆ ನಿಂತು ನಾವು ಬಲಿಪೂಜೆ ಅರ್ಪಿಸಿದೆವು. ಅದು ತಪಸ್ಸು ಕಾಲದ ಐದನೆಯ ಭಾನುವಾರ. ಶುಭಸಂದೇಶ ಯೊವಾನ್ನನ ಹನ್ನೊಂದನೆಯ ಅಧ್ಯಾಯ, ಲಾಜರನ ಪುನರುಜ್ಜೀವನದ ವೃತ್ತಾಂತ. ಪ್ರಬೋಧನೆಯಲ್ಲಿ ನಾವು ಈ ವ್ಯಾಧಿಯನ್ನು ದೇವರು ಮನುಕುಲಕ್ಕೆ ಕೊಟ್ಟ ಎಚ್ಚರಿಕೆಯೆಂದು ವಿವರಿಸಿದೆವು. ನೀವು ದೇವರನ್ನು ಮರೆತಿರಿ, ನೀವು ಪೂಜೆಗೆ ಬರಲು ಸೋಮಾರಿಗಳಾದಿರಿ, ಈಗ ನಿಮಗೆ ದೇವಾಲಯದ ಬಾಗಿಲು ಮುಚ್ಚಿದೆ ಎಂದೆವು. ಯೇಸು ಗೆಳೆಯನ ಸಮಾಧಿಯ ಬಳಿ ಅತ್ತರು ಎಂಬುದನ್ನು ಓದಿಯೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಧ್ವನಿಮುದ್ರಣವನ್ನು ಮುಂದೆ ಕೇಳಿದಾಗ ‘ನೀವು’ ಎಂಬ ಪದ ಎಷ್ಟು ಬಾರಿ ಬಂದಿದೆಯೆಂದು ಕಂಡು ನಾಚಿದೆವು. ಪ್ಯಾನಲೂ ಗುರುವಿನ ಮೊದಲ ಪ್ರಬೋಧನೆಯನ್ನು ನಾವು ಅರಿಯದೆಯೇ ಒಪ್ಪಿಸಿದ್ದೆವು.

2. ಒರಾನ್ ನಗರದ ಎರಡು ಪ್ರಬೋಧನೆಗಳು

ಪ್ಲೇಗು ಹಬ್ಬಿ, ನಗರದ ಬಾಗಿಲು ಮುಚ್ಚಿ ಸುಮಾರು ಒಂದು ತಿಂಗಳಾದಾಗ ಒರಾನಿನ ಧರ್ಮಸಭೆಯ ಅಧಿಕಾರಿಗಳು ಪ್ರಾರ್ಥನಾ ಸಪ್ತಾಹವನ್ನು ಏರ್ಪಡಿಸುತ್ತಾರೆ. ಅದರ ಕೊನೆಗೆ, ಪ್ಲೇಗು ರೋಗಿಗಳ ಪಾಲಕ ಸಂತ ರೋಕನ ಹೆಸರಿನಲ್ಲಿ ನಡೆಯುವ ಭಾನುವಾರದ ಪೂಜೆಯಲ್ಲಿ ಪ್ಯಾನಲೂ ಪ್ರಬೋಧಿಸುತ್ತಾನೆ. ಹೊರಗೆ ಜಡಿಮಳೆ, ಒಳಗೆ ಕಿಕ್ಕಿರಿದ ಜನ. ಅವನು ಸಂತ ಅಗುಸ್ತೀನರ ಬಗ್ಗೆ ಸಂಶೋಧನೆ ಮಾಡಿದ ವಿದ್ವಾಂಸ, ಮಾತಿನಲ್ಲಿ ಬಲ್ಲಿದ. ವಿಪತ್ತು ಜನರ ಮೇಲೆ ಬಂದದ್ದು ನ್ಯಾಯವಾಗಿಯೇ ಎಂದು ಆರಂಭಿಸಿ, ಫರೋಹನ ಕಾಲದ ವ್ಯಾಧಿಯನ್ನು ನೆನಪಿಸಿ, ದೇವರ ಒಕ್ಕಣೆಯ ಕೋಲು ಹುಲ್ಲಿನಿಂದ ಕಾಳನ್ನು ಬೇರ್ಪಡಿಸುತ್ತಿದೆ ಎನ್ನುತ್ತಾನೆ. ಕೇಳುಗರು ಒಬ್ಬೊಬ್ಬರಾಗಿ ಮೊಣಕಾಲೂರುತ್ತಾರೆ. ಪ್ರಬೋಧನೆ ಯಶಸ್ವಿಯಾಯಿತು.

ಇಲ್ಲಿ ಕಮೂ ಅವರನ್ನು ಧರ್ಮದ್ವೇಷಿಯೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. 1936ರಲ್ಲಿ ಅಲ್ಜಿಯರ್ಸ್ ವಿಶ್ವವಿದ್ಯಾಲಯಕ್ಕೆ ಕ್ರೈಸ್ತ ತತ್ತ್ವಚಿಂತನೆ ಮತ್ತು ನವಪ್ಲೇಟೋವಾದದ ಬಗ್ಗೆ, ವಿಶೇಷವಾಗಿ ಪ್ಲೊಟೈನಸ್ ಮತ್ತು ಅಗುಸ್ತೀನರ ಬಗ್ಗೆ, ಪ್ರಬಂಧ ಬರೆದ ಅವರು ನಮ್ಮ ಪರಂಪರೆಯನ್ನು ಒಳಗಿನಿಂದ ಓದಿದ್ದವರು. ಪ್ಯಾನಲೂವನ್ನು ಅವರು ಮೂರ್ಖನಾಗಿಯೂ ಚಿತ್ರಿಸಿಲ್ಲ, ಕಪಟಿಯಾಗಿಯೂ ಚಿತ್ರಿಸಿಲ್ಲ. ವೈದ್ಯ ರಿಯು ಅವನ ಬಗ್ಗೆ ಆಡುವ ಟೀಕೆ ಎಷ್ಟು ಸೌಮ್ಯವೋ ಅಷ್ಟೇ ಮೊನಚು: ಪ್ಯಾನಲೂ ಓದುಕೋಣೆಯ ಮನುಷ್ಯ, ಅವನು ಸಾಕಷ್ಟು ಜನ ಸಾಯುವುದನ್ನು ಕಂಡಿಲ್ಲ; ತನ್ನ ಜನರ ನಡುವೆ ಓಡಾಡಿ, ಸಾಯುವವನ ಏದುಸಿರನ್ನು ಕೇಳಿದ ಹಳ್ಳಿಯ ಸಾಮಾನ್ಯ ಗುರುವಾದರೆ ನೋವಿನ ಮಹಿಮೆಯನ್ನು ಸಾರುವ ಮುನ್ನ ನೋವನ್ನು ಕಡಿಮೆ ಮಾಡಲು ನೋಡುತ್ತಾನೆ ಎಂಬ ಅರ್ಥದ ಮಾತು. ನಂಬಿಕೆಯಿಲ್ಲದವನೊಬ್ಬ ಹಳ್ಳಿಯ ಗುರುವಿಗೆ ಕೊಟ್ಟ ಈ ಗೌರವವನ್ನು ದೈವಶಾಸ್ತ್ರ ಬೋಧಿಸುವ ನಮ್ಮಂಥವರು ವಿನಯದಿಂದ ಕೇಳಬೇಕು.

ಪವಿತ್ರ ಗ್ರಂಥ ಕೂಡ ಪ್ಯಾನಲೂವಿನ ಮೊದಲ ಪ್ರಬೋಧನೆಯ ಪರವಾಗಿ ನಿಲ್ಲುವುದಿಲ್ಲ. ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ದೇವರ ಕೋಪಕ್ಕೆ ಗುರಿಯಾದವರು ದೇವರನ್ನು ಸಮರ್ಥಿಸಿ ಮಾತಾಡಿದ ಎಲೀಫಜ ಮತ್ತವನ ಗೆಳೆಯರು. ಸರಿಯಾಗಿ ಮಾತಾಡಿದವನೆಂದು ದೇವರು ಎತ್ತಿಹಿಡಿದದ್ದು ದೂರಿದ ಯೋಬನನ್ನು. ಸಿಲೋವಾಮಿನಲ್ಲಿ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದು ಪ್ರಭು ಲೂಕನ ಹದಿಮೂರನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸುತ್ತಾರೆ. ಅಲ್ಲಿಯೂ ಪಶ್ಚಾತ್ತಾಪದ ಕರೆಯುಂಟು, ನಿಜ. ಆದರೆ ಆ ಕರೆ ಬದುಕಿರುವವರಿಗೆ. ಸತ್ತವರ ಮೇಲಿನ ತೀರ್ಪು ಅದರಲ್ಲಿಲ್ಲ. ಪ್ಯಾನಲೂ ಬೆರೆಸಿದ್ದು ಈ ಎರಡನ್ನು, ನಾವೂ ಬೆರೆಸಿದ್ದು ಇವನ್ನೇ.

ಹಾಗೆ ಬೆರೆಸದ ಪ್ರಬೋಧನೆಯನ್ನು ಆ ದಿನಗಳಲ್ಲೇ ನಾವು ಕೇಳಿದ್ದೆವು. ನಮ್ಮ ಆ ಭಾನುವಾರಕ್ಕೆ ಎರಡು ದಿನ ಮೊದಲು, ಮಾರ್ಚ್ 27ರ ಸಂಜೆ, ಜಗದ್ಗುರು ಫ್ರಾನ್ಸಿಸರು ಮಳೆಯಲ್ಲಿ ತೊಯ್ದ ನಿರ್ಜನ ಸಂತ ಪೇತ್ರರ ಚೌಕದಲ್ಲಿ ನಿಂತು ಮಾರ್ಕನ ನಾಲ್ಕನೆಯ ಅಧ್ಯಾಯವನ್ನು ವಿವರಿಸಿದರು. ಅವರ ಹಿಂದೆ, 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಹೋದ ಸಂತ ಮಾರ್ಚೆಲ್ಲೊ ದೇವಾಲಯದ ಶಿಲುಬೆಯಿತ್ತು. ಬಿರುಗಾಳಿಗೆ ಸಿಕ್ಕಿದ ದೋಣಿಯಲ್ಲಿ ನಾವೆಲ್ಲರೂ ಒಟ್ಟಿಗಿದ್ದೇವೆ ಎಂದರು. ಇದು ದೇವರು ತೀರ್ಪು ಕೊಡುವ ಕಾಲವಲ್ಲ, ಯಾವುದು ಮುಖ್ಯವೆಂದು ನಾವೇ ಆರಿಸಿಕೊಳ್ಳಬೇಕಾದ ಕಾಲವೆಂದು ಬೋಧಿಸಿದರು. ದೇವರೊಡನೆ ಮಾತಾಡುವಾಗಲೂ ತಪ್ಪೊಪ್ಪಿಕೊಳ್ಳುವಾಗಲೂ ಅವರು ಬಳಸಿದ್ದು ‘ನಾವು’ ಎಂಬ ಪದ. ಎರಡೇ ದಿನಗಳ ಅಂತರದಲ್ಲಿ ನಾವದನ್ನು ಮರೆತೆವು.

3. ಮಗುವಿನ ಮಂಚದಿಂದ ‘ಸಂಶಯಾಸ್ಪದ ಪ್ರಕರಣ’ದವರೆಗೆ

ಪ್ಯಾನಲೂ ಬದಲಾಗುವುದು ಪುಸ್ತಕದಿಂದಲ್ಲ. ಅವನು ರೋಗಿಗಳ ಸೇವಾದಳವನ್ನು ಸೇರುತ್ತಾನೆ. ಅವನು ತನ್ನ ಪ್ರಬೋಧನೆಗಿಂತ ಉತ್ತಮನೆಂದು ತಿಳಿದು ರಿಯುಗೆ ಸಂತೋಷವಾಗುತ್ತದೆ. ನಂತರ ನ್ಯಾಯಾಧೀಶ ಒಥೋನನ ಚಿಕ್ಕ ಮಗನಿಗೆ ರೋಗ ತಗಲುತ್ತದೆ. ಹೊಸ ಸೀರಮ್ಮನ್ನು ಮಗುವಿಗೆ ಚುಚ್ಚಿ ನೋಡುತ್ತಾರೆ. ಅದರಿಂದ ನೋವಿನ ಅವಧಿ ಹೆಚ್ಚಿತೇ ಹೊರತು ಮಗು ಉಳಿಯಲಿಲ್ಲ. ಆಸ್ಪತ್ರೆಯಾಗಿ ಮಾರ್ಪಟ್ಟ ಶಾಲಾಕೊಠಡಿಯಲ್ಲಿ ಮುಂಜಾವದಿಂದ ಆ ಮಗು ಪಡುವ ಯಾತನೆಯನ್ನು ಕಮೂ ಒಂದಿಷ್ಟೂ ಮುಚ್ಚಿಡದೆ ಬರೆಯುತ್ತಾರೆ. ಪ್ಯಾನಲೂ ಮೊಣಕಾಲೂರಿ ಮಗುವನ್ನು ಉಳಿಸೆಂದು ಬೇಡುತ್ತಾನೆ. ಮಗು ಸಾಯುತ್ತದೆ. ರಿಯು ಸಿಟ್ಟಿನಿಂದ ಆ ಮಗುವಾದರೂ ನಿರ್ದೋಷಿಯಾಗಿತ್ತಲ್ಲ ಎಂದಾಗ, ಅರ್ಥವಾಗದ್ದನ್ನು ಪ್ರೀತಿಸಬೇಕೇನೋ ಎಂದು ಪ್ಯಾನಲೂ ತಡವರಿಸುತ್ತಾನೆ. ರಿಯು ಒಪ್ಪುವುದಿಲ್ಲ, ಆದರೂ ದೇವನಿಂದೆಗೂ ಪ್ರಾರ್ಥನೆಗೂ ಆಚೆಗಿನ ಯಾವುದೋ ಒಂದು ತಮ್ಮನ್ನು ಒಟ್ಟುಗೂಡಿಸಿದೆ ಎಂದು ಒಪ್ಪಿಕೊಳ್ಳುತ್ತಾನೆ.

ಎರಡನೆಯ ಪ್ರಬೋಧನೆ ಇದಾದ ಮೇಲೆ ಬರುತ್ತದೆ. ಈ ಸಲ ಗಾಳಿಯ ದಿನ, ಜನ ಕಡಿಮೆ. ಪ್ರಬೋಧಕನ ದನಿ ತಗ್ಗಿದೆ. ಅವನು ‘ನೀವು’ ಎನ್ನುವುದನ್ನು ಬಿಟ್ಟು ‘ನಾವು’ ಎನ್ನುತ್ತಾನೆ; ಈ ವ್ಯತ್ಯಾಸವನ್ನು ಕಥನಕಾರನೇ ಗುರುತಿಸಿ ಹೇಳುತ್ತಾನೆ. ಮಗುವಿನ ಯಾತನೆಗೆ ಪರಲೋಕದ ಆನಂದ ಪರಿಹಾರವಾದೀತೆಂದು ಸಲೀಸಾಗಿ ಹೇಳಲು ಪ್ಯಾನಲೂ ಈಗ ಒಲ್ಲ. ಗೋಡೆಯ ಬುಡದಲ್ಲೇ ನಿಲ್ಲುತ್ತೇನೆ ಎನ್ನುತ್ತಾನೆ. ಇಲ್ಲಿಯವರೆಗೆ ನಾವು ಅವನೊಂದಿಗಿದ್ದೇವೆ. ಆದರೆ ಅಲ್ಲಿಂದ ಅವನು ಒಂದು ಕಡಿದಾದ ತೀರ್ಮಾನಕ್ಕೆ ಹಾರುತ್ತಾನೆ: ಎಲ್ಲವನ್ನೂ ನಂಬಬೇಕು, ಇಲ್ಲವೇ ಎಲ್ಲವನ್ನೂ ನಿರಾಕರಿಸಬೇಕು. ಮಾರ್ಸೇಲ್ಸಿನ ಪ್ಲೇಗಿನಲ್ಲಿ ಎಂಬತ್ತೊಂದು ಮಠವಾಸಿಗಳಲ್ಲಿ ನಾಲ್ವರು ಉಳಿದು, ಅವರಲ್ಲಿ ಮೂವರು ಓಡಿಹೋದ ಕಥೆಯನ್ನು ಹೇಳಿ, ಉಳಿದು ನಿಂತ ಆ ಒಬ್ಬನಂತಾಗಬೇಕೆಂದು ಕರೆಕೊಡುತ್ತಾನೆ.

ಪೂಜೆ ಮುಗಿದ ಮೇಲೆ ವೃದ್ಧ ಗುರುವೊಬ್ಬರೂ ಎಳೆಯ ಉಪಯಾಜಕನೊಬ್ಬನೂ ಮಾತಾಡಿಕೊಳ್ಳುವ ಪುಟ್ಟ ದೃಶ್ಯವನ್ನು ಗುರು ಅಭ್ಯರ್ಥಿಗಳು ತಪ್ಪದೆ ಓದಬೇಕು. ಉಪಯಾಜಕನಿಗೆ ಪ್ರಬೋಧನೆಯ ಧೈರ್ಯ ಮೆಚ್ಚಿಕೆಯಾಗಿದೆ. ವೃದ್ಧರಿಗೆ ಅದರಲ್ಲಿ ಶಕ್ತಿಗಿಂತ ಹೆಚ್ಚಾಗಿ ಕಳವಳ ಕಾಣಿಸಿದೆ. ಪ್ಯಾನಲೂ ಒಂದು ಪ್ರಬಂಧ ಬರೆಯುತ್ತಿದ್ದಾನೆಂದೂ ತಿಳಿಯುತ್ತದೆ. ಗುರುವಾದವನು ವೈದ್ಯನ ಸಲಹೆ ಕೇಳಬಹುದೆ ಎಂಬುದು ಅದರ ವಿಷಯ. ಕೇಳಕೂಡದೆಂಬುದು ಅವನ ಒಲವು. ಕೆಲವೇ ದಿನಗಳಲ್ಲಿ ಅವನು ಹಾಸಿಗೆ ಹಿಡಿಯುತ್ತಾನೆ, ಮನೆಯೊಡತಿ ವೈದ್ಯರನ್ನು ಕರೆಯುತ್ತೇನೆಂದರೂ ಬೇಡವೆನ್ನುತ್ತಾನೆ. ಕೊನೆಗೆ ಬಂದ ರಿಯು, ನಾನು ನಿಮ್ಮ ಬಳಿ ಇರುತ್ತೇನೆ ಎಂದಾಗ, ತನ್ನಂಥವರಿಗೆ ಗೆಳೆಯರಿಲ್ಲ, ಎಲ್ಲವನ್ನೂ ದೇವರಲ್ಲಿ ಇಟ್ಟಿದ್ದೇವೆ ಎಂಬರ್ಥದ ಉತ್ತರ ಕೊಡುತ್ತಾನೆ. ಶಿಲುಬೆಯನ್ನು ಹಿಡಿದೇ ಸಾಯುತ್ತಾನೆ. ರೋಗಲಕ್ಷಣಗಳು ಪ್ಲೇಗಿನವೆಂದು ಖಚಿತವಾಗದ ಕಾರಣ ಅವನ ಚೀಟಿಯಲ್ಲಿ ಸಂಶಯಾಸ್ಪದ ಪ್ರಕರಣವೆಂದು ಬರೆಯಲಾಗುತ್ತದೆ.

ವಿಮರ್ಶಕರು ಸಾಮಾನ್ಯವಾಗಿ ಆ ಸಂಶಯವನ್ನು ಅವನ ವಿಶ್ವಾಸದ ಸಂಶಯವೆಂದು ಓದುತ್ತಾರೆ. ನಮಗೆ ಬೇರೊಂದು ಕಾಣುತ್ತದೆ. ಪ್ಯಾನಲೂ ‘ನಾವು’ ಎಂದು ನುಡಿಯಲು ಕಲಿತ, ಆದರೆ ‘ನಾವು’ ಎಂಬಂತೆ ಹಾಸಿಗೆಯಲ್ಲಿ ಮಲಗಲು ಕಲಿಯಲಿಲ್ಲ. ಇತರರ ಶುಶ್ರೂಷೆ ಮಾಡಿದವನಿಗೆ ಶುಶ್ರೂಷೆ ಪಡೆಯುವುದು ಸಾಧ್ಯವಾಗಲಿಲ್ಲ. ಅವನ ಎಲ್ಲ ಇಲ್ಲವೇ ಶೂನ್ಯ ಎಂಬ ವಿಶ್ವಾಸದಲ್ಲಿ ದೇವರು ಮತ್ತು ಒಂಟಿ ಆತ್ಮ ಮಾತ್ರ ಇದ್ದಾರೆ. ನಡುವೆ ಸೃಷ್ಟಿಯಿಲ್ಲ, ನೆರೆಯವನಿಲ್ಲ, ಔಷಧವಿಲ್ಲ. ಇದು ಕಥೋಲಿಕ ವಿಶ್ವಾಸದ ನಿಲುವಲ್ಲ. ಸಿರಾಖನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯ, ರೋಗಿಯಾದವನು ಪ್ರಾರ್ಥಿಸಲಿ, ಜೊತೆಗೆ ವೈದ್ಯನಿಗೂ ಎಡೆಗೊಡಲಿ, ಅವನನ್ನೂ ದೇವರೇ ಸೃಷ್ಟಿಸಿದ್ದು ಎನ್ನುತ್ತದೆ. ಪ್ಯಾನಲೂ ಬರೆಯಹೊರಟ ಪ್ರಬಂಧಕ್ಕೆ ಉತ್ತರ ಬಹು ಹಿಂದೆಯೇ ಸಿದ್ಧವಿತ್ತು. ಇದಕ್ಕಿಂತ ಮುಖ್ಯವಾಗಿ, ಅವನು ಕೈಯಲ್ಲಿ ಹಿಡಿದಿದ್ದ ಶಿಲುಬೆಯ ಮೇಲಿರುವಾತ ನೆರವನ್ನು ನಿರಾಕರಿಸಿದವನಲ್ಲ. ಗೆತ್ಸೆಮನೆಯಲ್ಲಿ ಗೆಳೆಯರು ಎಚ್ಚರವಾಗಿರಲೆಂದು ಬಯಸಿದ, ಸಿರೇನಿನ ಸಿಮೋನನ ಹೆಗಲನ್ನು ಒಪ್ಪಿಕೊಂಡ, ಬಾಯಾರಿಕೆಯೆಂದು ಕೇಳಿ ಕೊಟ್ಟದ್ದನ್ನು ಸ್ವೀಕರಿಸಿದ. ದೇವರು ಮನುಷ್ಯನಾದನೆಂದರೆ ಇನ್ನೊಬ್ಬರ ಕೈಗೆ ತನ್ನನ್ನು ಒಪ್ಪಿಸಿಕೊಂಡನೆಂದೂ ಅರ್ಥ.

2021ರ ಏಪ್ರಿಲ್, ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ನಮ್ಮ ದೇಶದ ಹಲವು ಗುರುಗಳೂ ಕನ್ಯಾಸ್ತ್ರೀಯರೂ ತೀರಿಕೊಂಡರು. ಅವರ ಸೇವೆಯನ್ನು ಯಾರೂ ಕಿರಿದುಮಾಡಲಾರರು. ಆದರೆ ಜ್ವರವನ್ನು ಬಚ್ಚಿಟ್ಟು ಪೂಜೆಗೆ ನಿಂತವರೂ, ಪರೀಕ್ಷೆಯನ್ನು ಅಪನಂಬಿಕೆಯ ಗುರುತೆಂದು ತಿಳಿದವರೂ ನಮ್ಮ ನಡುವೆ ಇದ್ದರೆಂಬುದನ್ನು ಮರೆಯಬಾರದು. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ನೀಡಲು ನಾವು ಅಭ್ಯಾಸ ಮಾಡುತ್ತೇವೆ. ಅದನ್ನು ಸ್ವೀಕರಿಸಲು ಯಾವ ಗುರುಮಠವೂ ಕಲಿಸುವುದಿಲ್ಲ.

4. ದುರ್ವಾಸಪುರದ ಶವ

‘ಸಂಸ್ಕಾರ’ ಎಂಬ ಪದ ಕಿವಿಗೆ ಬಿದ್ದರೆ ಕನ್ನಡ ಕಥೋಲಿಕರಾದ ನಮಗೆ ಮೊದಲು ನೆನಪಾಗುವುದು ಜ್ಞಾನಸ್ನಾನ ಮೊದಲಾದ ಏಳು ಸಂಸ್ಕಾರಗಳು. ಅನಂತಮೂರ್ತಿಯವರ ಶೀರ್ಷಿಕೆಯಲ್ಲಿ ಅದು ಅಂತ್ಯಕ್ರಿಯೆಯನ್ನೂ ವ್ಯಕ್ತಿಯ ಪರಿಷ್ಕಾರವನ್ನೂ ಒಟ್ಟಿಗೆ ಸೂಚಿಸುತ್ತದೆ. ನಾವು ಈ ಪದವನ್ನು ನೆರೆಮನೆಯಿಂದ ಎರವಲು ತಂದವರು. ಎರವಲು ತಂದವರು ಆ ಮನೆಯಲ್ಲಿ ಅದಕ್ಕೆ ಏನು ಸಂಭವಿಸಿತೆಂದು ತಿಳಿದಿರುವುದು ಒಳ್ಳೆಯದು.

ಕಥೆ ಎಲ್ಲರಿಗೂ ಗೊತ್ತಿರುವಂಥದು. ಬ್ರಾಹ್ಮಣ್ಯವನ್ನು ಧಿಕ್ಕರಿಸಿ, ಚಂದ್ರಿಯೊಡನೆ ಬಾಳಿದ ನಾರಣಪ್ಪ ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದು ಸತ್ತಿದ್ದಾನೆ. ಅವನನ್ನು ಯಾರೂ ಬಹಿಷ್ಕರಿಸಿರಲಿಲ್ಲವಾದ್ದರಿಂದ ಬ್ರಾಹ್ಮಣನಾಗಿಯೇ ಸತ್ತ. ಬ್ರಾಹ್ಮಣರಲ್ಲದವರು ಶವ ಮುಟ್ಟುವಂತಿಲ್ಲ, ಬ್ರಾಹ್ಮಣರಿಗೆ ಮುಟ್ಟಲು ಮನಸ್ಸಿಲ್ಲ. ಶವ ಎತ್ತುವವರೆಗೆ ಅಗ್ರಹಾರದಲ್ಲಿ ಊಟವೂ ಇಲ್ಲ. ಚಂದ್ರಿ ತನ್ನ ಒಡವೆಗಳನ್ನು ಕಳಚಿ ಮುಂದಿಟ್ಟಾಗ ಶಾಸ್ತ್ರದ ಪ್ರಶ್ನೆಯೊಳಗೆ ಚಿನ್ನದ ಪ್ರಶ್ನೆಯೂ ನುಸುಳುತ್ತದೆ. ಪ್ರಾಣೇಶಾಚಾರ್ಯರು ತಾಳೆಗರಿಗಳನ್ನು ಮಗುಚಿ ನೋಡುತ್ತಾರೆ, ಮಾರುತಿಯ ಗುಡಿಗೆ ಹೋಗಿ ಹೂವಿನ ಅಪ್ಪಣೆಗಾಗಿ ಕಾಯುತ್ತಾರೆ. ಗ್ರಂಥದಿಂದಲೂ ಉತ್ತರವಿಲ್ಲ, ದೇವರಿಂದಲೂ ಇಲ್ಲ. ಇತ್ತ ಇಲಿಗಳು ಬಿದ್ದು ಸಾಯುತ್ತಿವೆ, ಹದ್ದುಗಳು ಬಂದು ಮಾಡಿನ ಮೇಲೆ ಕೂತಿವೆ, ಹೆಣ ನಾರುತ್ತಿದೆ.

ಕೊನೆಗೆ ಹೆಣವನ್ನು ಸುಟ್ಟವರು ಯಾರು? ಚಂದ್ರಿ ಮತ್ತು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ಒಮ್ಮೆ ಎತ್ತು ಕೊಳ್ಳಲು ನಾರಣಪ್ಪನಿಂದ ಸಾಲ ಪಡೆದಿದ್ದ ಆತ ಆ ಉಪಕಾರವನ್ನು ನೆನೆದು, ರಾತ್ರಿಯ ಹೊತ್ತಿನಲ್ಲಿ ಗಾಡಿ ತಂದು ಹೆಣ ಸಾಗಿಸಿ, ಕಟ್ಟಿಗೆ ಒಟ್ಟಿ ಬೆಂಕಿ ಇಟ್ಟ. ಮಂತ್ರವಿಲ್ಲ, ಸಾಕ್ಷಿಯಿಲ್ಲ. ಅಗ್ರಹಾರಕ್ಕೆ ಅದು ತಿಳಿಯಲೂ ಇಲ್ಲ. ಅವರು ಮುಂದೆಯೂ ಉತ್ತರಕ್ಕಾಗಿ ಊರಿಂದೂರಿಗೆ, ಮಠಕ್ಕೆ ನಡೆಯುತ್ತಲೇ ಇರುತ್ತಾರೆ.

ಕ್ರೈಸ್ತ ಓದುಗನಿಗೆ ಇಲ್ಲೊಂದು ಪ್ರಲೋಭನೆ ಇದೆ. ಇದು ಪರರ ಕರ್ಮಠತನದ ಕಥೆ, ನಮ್ಮಲ್ಲಿ ಹೀಗಿಲ್ಲ ಎಂದುಕೊಳ್ಳುವುದು. ಆ ಪ್ರಲೋಭನೆಗೆ ಶುಭಸಂದೇಶವೇ ಅಡ್ಡ ನಿಲ್ಲುತ್ತದೆ. ಜೆರಿಕೋ ದಾರಿಯಲ್ಲಿ ಗಾಯಾಳುವನ್ನು ದಾಟಿಹೋದ ಯಾಜಕನಿಗೂ ಕೈಯಲ್ಲಿ ಶಾಸ್ತ್ರವಿತ್ತು. ಯಾಜಕನು ಹತ್ತಿರದ ರಕ್ತಸಂಬಂಧಿಗಳ ಹೊರತು ಬೇರೆ ಶವದಿಂದ ಮೈಲಿಗೆಯಾಗಬಾರದೆಂದು ಯಾಜಕಕಾಂಡದ ಇಪ್ಪತ್ತೊಂದನೆಯ ಅಧ್ಯಾಯ ವಿಧಿಸುತ್ತದೆ. ಬಿದ್ದವನು ಸತ್ತಿದ್ದರೆ ಎಂಬ ಅಂಜಿಕೆ ಅವನನ್ನು ರಸ್ತೆಯ ಆಚೆ ಬದಿಗೆ ಸರಿಸಿದ್ದಿರಬಹುದು. ಹಾಗೆ ನೋಡಿದರೆ ಪ್ರಾಣೇಶಾಚಾರ್ಯರು ಅವನಿಗಿಂತ ಮೇಲು. ಅವರು ದಾಟಿಹೋಗಲಿಲ್ಲ, ಅಲ್ಲಿಯೇ ಕೂತು ಬೆಂದರು. ಮುಟ್ಟಿದವನು ಮಾತ್ರ, ಅಲ್ಲಿಯೂ ಇಲ್ಲಿಯೂ, ಹೊರಗಿನವನು.

ಮೂರನೆಯ ಶತಮಾನದ ಮಹಾವ್ಯಾಧಿಯಲ್ಲಿ ಕ್ರೈಸ್ತರು ರೋಗಿಗಳನ್ನು ಆರೈಕೆಮಾಡಿ ಸತ್ತರು, ಅನ್ಯರು ತಮ್ಮವರನ್ನೇ ಬೀದಿಗೆಸೆದು ಓಡಿದರು ಎಂದು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ದಿಯೊನೀಸಿಯುಸ್ ಬರೆದ ಪತ್ರವನ್ನು ಯೂಸೇಬಿಯುಸ್ ಉಳಿಸಿಕೊಟ್ಟಿದ್ದಾನೆ. ಮಹಾಮಾರಿಯ ದಿನಗಳಲ್ಲಿ ನಾವದನ್ನು ಎಷ್ಟೋ ಬಾರಿ ಉದ್ಧರಿಸಿದೆವು. ಅದು ನಮ್ಮ ಹೆಮ್ಮೆಯ ದಾಖಲೆ ಹೌದು. ಆದರೆ ಪ್ರಭು ತಮ್ಮ ಸಾಮತಿಯಲ್ಲಿ ಕರುಣೆಯನ್ನು ಸಮಾರಿಯದವನ ಕೈಯಲ್ಲಿ ಇಟ್ಟರು. ನಮ್ಮವರ ಕರುಣೆಯನ್ನು ಎಣಿಸಿಕೊಳ್ಳುವವನು ಅಹಮದ್ ಬ್ಯಾರಿಯನ್ನು ಎಣಿಸದೆ ಬಿಟ್ಟರೆ, ಆ ಸಾಮತಿಯನ್ನು ಇನ್ನೂ ಕೇಳಿಲ್ಲವೆಂದೇ ಅರ್ಥ.

ಇದು ಬರಿಯ ಕಥೆಯಾಗಿ ಉಳಿದಿಲ್ಲ. 2020ರ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ ಕೋವಿಡ್‌ನಿಂದ ತೀರಿಕೊಂಡ ಕ್ರೈಸ್ತ ವೈದ್ಯರೊಬ್ಬರ ಶವವನ್ನು ಹೂಳಲು ಒಯ್ದಾಗ ಗುಂಪೊಂದು ಕಲ್ಲು, ದೊಣ್ಣೆಗಳಿಂದ ತಡೆಯಿತು. ಕೊನೆಗೆ ಸಹೋದ್ಯೋಗಿ ವೈದ್ಯರೊಬ್ಬರು ಆಸ್ಪತ್ರೆಯ ಸಹಾಯಕರೊಡನೆ, ಪೊಲೀಸರ ಕಾವಲಿನಲ್ಲಿ, ರಾತ್ರೋರಾತ್ರಿ ತಾವೇ ಮಣ್ಣು ಎಳೆದು ಹೂತರು. ಅದೇ ವರ್ಷದ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಹಲವು ಶವಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯವನ್ನು ನಾಡೇ ಕಂಡಿತು. 2021ರಲ್ಲಿ ಬೆಂಗಳೂರಿನ ಚಿತಾಗಾರಗಳು ಸಾಲದೆ ತಾವರೆಕೆರೆಯಲ್ಲಿ, ಗಿಡ್ಡೇನಹಳ್ಳಿಯಲ್ಲಿ ಬಯಲಿನಲ್ಲೇ ಚಿತೆಗಳು ಉರಿದವು. ಶವವನ್ನು ಯಾರು ಮುಟ್ಟಬೇಕೆಂಬ ದುರ್ವಾಸಪುರದ ಪ್ರಶ್ನೆ ಐವತ್ತೈದು ವರ್ಷಗಳ ನಂತರ ಪ್ರತಿ ಬೀದಿಗೂ ಬಂತು. ಧರ್ಮಕೇಂದ್ರಗಳಲ್ಲೂ ಬಂತು: ದಹನ ಮಾಡಬಹುದೆ, ಅಸ್ಥಿಯನ್ನು ಎಲ್ಲಿಡಬೇಕು, ಅನ್ಯ ಪಂಗಡದವರಿಗೆ ನಮ್ಮ ಸಮಾಧಿಭೂಮಿಯಲ್ಲಿ ಜಾಗ ಕೊಡಬಹುದೆ ಎಂದು ಸಮಿತಿಗಳು ಚರ್ಚಿಸಿದವು. ದಹನವನ್ನು ಧರ್ಮಸಭೆ 1963ರಲ್ಲೇ ಅನುಮತಿಸಿತ್ತು. ಅಸ್ಥಿಯನ್ನು ಪವಿತ್ರ ಸ್ಥಳದಲ್ಲಿ ಕಾಪಾಡಬೇಕೆಂದು 2016ರಲ್ಲಿ ವಿವರಿಸಿತ್ತು. ಉತ್ತರ ಸಿದ್ಧವಿದ್ದರೂ ನಮಗೆ ಕೆಲವೆಡೆ ತಡವಾಯಿತು. ಅಷ್ಟರೊಳಗೆ ಎಲ್ಲ ಧರ್ಮಗಳ ಸ್ವಯಂಸೇವಕರು ಹೆಣ ಹೊತ್ತಾಗಿತ್ತು.

ನಮ್ಮ ಪರಂಪರೆಯಲ್ಲಿ ಇದಕ್ಕೊಬ್ಬ ಪೂರ್ವಜನಿದ್ದಾನೆ. ತೋಬೀತ ಹಬ್ಬದ ಊಟಕ್ಕೆ ಕೂತವನು, ಚೌಕದಲ್ಲಿ ಹೆಣ ಬಿದ್ದಿದೆಯೆಂದು ಕೇಳಿ ತುತ್ತು ಮುಟ್ಟದೆ ಎದ್ದು ಹೋದ, ಸೂರ್ಯ ಮುಳುಗಿದ ಮೇಲೆ ಹೂತ, ನೆರೆಯವರು ಗೇಲಿಮಾಡಿದರು. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯ ಆರು ಕರುಣಾಕಾರ್ಯಗಳನ್ನು ಹೇಳುತ್ತದೆ. ಸತ್ತವರನ್ನು ಹೂಳುವ ಏಳನೆಯದು ಅದಕ್ಕೆ ಸೇರಿದ್ದರ ಹಿಂದೆ ತೋಬೀತನ ನೆನಪಿದೆ.

5. ಎರಡೂ ಕೃತಿಗಳು ಕಾಣದೆ ಬಿಟ್ಟವರು

ಈ ಕೃತಿಗಳಿಂದ ಕಲಿಯುವಾಗ ಅವುಗಳ ಕುರುಡುತನವನ್ನೂ ಹೇಳಬೇಕು. ಒರಾನಿನ ಜನರಲ್ಲಿ ಅರಬರು ಗಣನೀಯ ಪಾಲು. ಪತ್ರಕರ್ತ ರಾಂಬೇರ್ ಬಂದದ್ದೇ ಅವರ ಜೀವನ ಸ್ಥಿತಿಯ ವರದಿ ಮಾಡಲು. ಆದರೆ ಪ್ಲೇಗು ಶುರುವಾದ ಮೇಲೆ ಕಾದಂಬರಿ ಅವರನ್ನು ಮರೆತುಬಿಡುತ್ತದೆ. ಹೆಸರಿರುವ ಅರಬ ರೋಗಿಯೊಬ್ಬನೂ ನಮಗೆ ಎದುರಾಗುವುದಿಲ್ಲ. ದುರ್ವಾಸಪುರದಲ್ಲೂ ಅಗ್ರಹಾರದಾಚೆಯ ಕೇರಿಯಲ್ಲಿ ಜನ ಸಾಯುತ್ತಾರೆ. ಅವರ ಸಂಸ್ಕಾರದ ಬಗ್ಗೆ ಯಾವ ತಾಳೆಗರಿಯೂ ಬಿಚ್ಚಿಕೊಳ್ಳುವುದಿಲ್ಲ. ಇದನ್ನು ಅನಂತಮೂರ್ತಿಯವರು ಅರಿತೇ ಬರೆದಿದ್ದಾರೆ ಎನ್ನಬಹುದು. ಆದರೆ ಚಂದ್ರಿಯ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ. ಹೆಣ ಸುಟ್ಟ ಮೇಲೆ ಅವಳು ಕುಂದಾಪುರದ ದಾರಿ ಹಿಡಿಯುತ್ತಾಳೆ, ಬ್ಯಾರಿ ಕತ್ತಲಲ್ಲಿ ಕರಗುತ್ತಾನೆ. ಆಮೇಲೆ ಕಾದಂಬರಿ ಕೊನೆಯ ಪುಟದವರೆಗೆ ಆಚಾರ್ಯರ ಅಂತರಂಗವನ್ನೇ ಹಿಂಬಾಲಿಸುತ್ತದೆ. ಪ್ಲೇಗು ಹಿನ್ನೆಲೆಗೆ ಸರಿದು, ಒಬ್ಬ ಧಾರ್ಮಿಕನ ಆತ್ಮಶೋಧನೆಯೇ ಕಥೆಯಾಗುತ್ತದೆ. ಕೆಲಸ ಮಾಡಿದ ಇಬ್ಬರು ಆ ಶೋಧನೆಗೆ ಮೆಟ್ಟಿಲಾದರು.

ಆಚಾರ್ಯರ ಬಾಳು ಮೊದಲಿನಿಂದಲೂ ಹೀಗೆಯೇ ಇತ್ತು. ರೋಗಿಷ್ಠೆಯೆಂದು ತಿಳಿದೇ ಭಾಗೀರಥಿಯನ್ನು ಮದುವೆಯಾಗಿ, ಅವಳ ಸೇವೆಯನ್ನು ತನ್ನ ಮೋಕ್ಷ ಹಣ್ಣಾಗು‍ವ ಸಾಧನೆಯೆಂದು ಅವರು ಬಗೆದಿದ್ದರು. ಗಂಜಿ ಕುಡಿಸುವ ಕೈ ಮೃದುವಾಗಿಯೇ ಇತ್ತು. ಆದರೆ ಅದರ ದೃಷ್ಟಿ ತನ್ನ ಮೇಲಿತ್ತು. ಪೀಠಿಕೆಯಲ್ಲಿ ನಾವು ಎತ್ತಿದ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ಎರಡನೆಯ ಜಾನ್ ಪಾಲರು 1984ರ ಫೆಬ್ರವರಿ 11ರಂದು ಹೊರಡಿಸಿದ ‘ಸಾಲ್ವಿಫಿಚಿ ದೊಲೋರಿಸ್’ ಎಂಬ ಪ್ರೇಷಿತ ಪತ್ರದಲ್ಲಿ, ಲೋಕದಲ್ಲಿ ಸಂಕಟವಿರುವುದು ಪ್ರೀತಿಯನ್ನು ಹೊರಹೊಮ್ಮಿಸುವುದಕ್ಕಾಗಿಯೂ ಹೌದೆಂದು ಬೋಧಿಸಿದರು. ಆ ಮಾತನ್ನು ಅವರು ಭಲಾ ಸಮಾರಿಯದವನ ಅಧ್ಯಾಯದಲ್ಲಿ ಹೇಳುತ್ತಾರೆಂಬುದು ಗಮನಾರ್ಹ. ಸಮಾರಿಯದವನು ಗಾಯಾಳುವಿನಿಂದ ಯಾವ ಪಾಠವನ್ನೂ ಕಲಿಯಲಿಲ್ಲ. ಅವನು ನೋಡಿದ, ಮರುಗಿದ, ಎಣ್ಣೆ ಹೊಯ್ದ, ಛತ್ರದವನಿಗೆ ಹಣ ಕೊಟ್ಟ. ಕಥೆ ಮುಗಿದಾಗ ಮುಖ್ಯವಾಗಿ ಉಳಿಯುವುದು ಗಾಯಾಳು ಬದುಕಿದ್ದಾನೆ ಎಂಬುದು.

ಆದ್ದರಿಂದ ಮಹಾಮಾರಿಯ ಬಗ್ಗೆ ನಾವು ಬರೆಯುವ ಸಾಕ್ಷ್ಯಗಳಲ್ಲಿ ಗುರುವಿನ ಒಳತಳಮಳ ಎಷ್ಟು ಪುಟ, ಆಮ್ಲಜನಕದ ಸಿಲಿಂಡರ್ ಹೊತ್ತ ಯುವಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಪೌರಕಾರ್ಮಿಕರಿಗೆ, ಹೆದ್ದಾರಿಯಲ್ಲಿ ಊರಿಗೆ ನಡೆದ ಕೂಲಿಯವರಿಗೆ ಎಷ್ಟು ಪುಟ ಎಂದು ಎಣಿಸಿ ನೋಡುವುದು ಒಳ್ಳೆಯ ಆತ್ಮಪರೀಕ್ಷೆ. ಈ ಲೇಖನವೂ ಆ ಪರೀಕ್ಷೆಗೆ ಹೊರತಲ್ಲ.

6. ಸಮಾಪ್ತಿ: ಲಾಜರನ ಸಮಾಧಿಯ ಬಳಿ

ಎರಡು ಕಾದಂಬರಿಗಳಿಂದ ಪ್ರಬೋಧಕನಿಗೆ ಒದಗುವ ಅಳತೆಗೋಲು ಸರಳವಾದುದು. ಸಂಕಟದ ಬಗ್ಗೆ ನಾವು ಪೀಠದಲ್ಲಿ ಆಡುವ ಮಾತನ್ನು ಒಥೋನನ ಮಗುವಿನ ಮಂಚದ ಪಕ್ಕದಲ್ಲಿ, ನಾರಣಪ್ಪನ ಹೆಣದ ಪಕ್ಕದಲ್ಲಿ ನಿಂತು ಆಡಲಾದೀತೆ? ಆಗದಿದ್ದರೆ ಅದನ್ನು ಪೀಠದಲ್ಲೂ ಆಡಬಾರದು. ‘ನಾವು’ ಎಂದು ಬಾಯಲ್ಲಿ ಹೇಳಿದರೂ ಸಾಲದು. ನಮ್ಮ ಜ್ವರದ ಹಣೆಯನ್ನು ಇನ್ನೊಬ್ಬರು ಮುಟ್ಟಲು ಬಿಡಬೇಕು, ನಮ್ಮವರಲ್ಲದವರು ಮಾಡಿದ ಕರುಣೆಯನ್ನು ನಮ್ಮ ದೇವರದೆಂದು ಗುರುತಿಸಬೇಕು. ವಿಶ್ವಾಸ ಅಲ್ಲಿ ಸಿಕ್ಕರೆ ಸಿಕ್ಕೀತು.

2020ರ ಆ ಭಾನುವಾರದ ಶುಭಸಂದೇಶವನ್ನು ಈಗ ಮತ್ತೆ ಓದುತ್ತೇವೆ. ಲಾಜರ ಸತ್ತು ನಾಲ್ಕು ದಿನವಾಗಿದೆ, ಹೆಣ ನಾರುತ್ತದೆ ಎಂದು ಮಾರ್ತಾ ಎಚ್ಚರಿಸುತ್ತಾಳೆ. ಅದು ದುರ್ವಾಸಪುರದಲ್ಲಿ ಹಬ್ಬಿದ ದುರ್ನಾತವೇ. ಪ್ರಭು ಲಾಜರನ ಸಾವಿಗೆ ಯಾವ ಪಾಪವನ್ನೂ ಕಾರಣ ಹೇಳುವುದಿಲ್ಲ. ನಾನೇ ಪುನರುತ್ಥಾನವೆಂದು ಸೋದರಿಗೆ ಹೇಳಿದವರೇ ಸಮಾಧಿಯ ಬಳಿ ಅಳುತ್ತಾರೆ; ಆ ಭರವಸೆ ಕಣ್ಣೀರನ್ನು ತಡೆಯುವುದಿಲ್ಲ, ಕಣ್ಣೀರು ಭರವಸೆಯನ್ನು ಅಳಿಸುವುದಿಲ್ಲ. ಅನಂತರ ಸುತ್ತ ನಿಂತವರಿಗೆ ಎರಡು ಕೆಲಸ ವಹಿಸುತ್ತಾರೆ. ಕಲ್ಲನ್ನು ಸರಿಸಬೇಕು, ಎದ್ದು ಬಂದವನ ಕಟ್ಟುಗಳನ್ನು ಬಿಚ್ಚಬೇಕು. ಜೀವ ಕೊಡುವುದು ಅವರ ಕೆಲಸ. ನಾರುವ ಬಟ್ಟೆಯನ್ನು ಮುಟ್ಟಿ ಬಿಚ್ಚುವುದನ್ನು ಅವರು ನಮಗೆ ಬಿಟ್ಟಿದ್ದಾರೆ. ಅಂದು ನಾವು ಹೇಳದೆ ಉಳಿದ ಪ್ರಬೋಧನೆ ಇದು. ತಡವಾಗಿಯಾದರೂ ಇಲ್ಲಿ ಬರೆದಿದ್ದೇವೆ.